ಹಾಲಿನ ಬಾಕಿ

ಮಿಲ್ವಾಕಿಯಲ್ಲಿ ಜನವರಿ. ಬಾಗಿಲು ತೆರೆದವನು
ನನ್ನ ಬೂಟಿನ ಹಿಮಕ್ಕೆಂದು ಹಳೇ ಟವೆಲು ಹಾಸಿದ.
ಹನ್ನೆರಡನೇ ತಿಂಗಳ ಸಂದರ್ಶನ, ಸಂಖ್ಯೆ ನಾನೂರ ಏಳು,
ಅಲೊಂಝೊ ಟಿಬ್ಸ್, ವಯಸ್ಸು ನಲವತ್ತೊಂದು,
ಒಳಗಿದ್ದದ್ದು ಆರು ವರ್ಷ, ಎರಡು ತಿಂಗಳು.
ನಮ್ಮ ಫಾರಮ್ಮಿನಲ್ಲಿ ಹೆಸರು ಬರೆಯುವುದಿಲ್ಲ, ಎಂದೆ,
ಸಂಖ್ಯೆ ಮಾತ್ರ.
"ಅಲ್ಲೂ ಹಾಗೇ ಇತ್ತು" ಎಂದ, ಕೋಪವಿಲ್ಲದೆ,
ಕಾಫಿಗೆ ನೀರಿಡುತ್ತ.

ಹೋದ ವರ್ಷ ಕಂಪ್ಯೂಟರು ಚೀಟಿ ಎತ್ತಿತ್ತು.
ಒಂದನೇ ಗುಂಪಿಗೆ ಕೆಲಸ: ಪಾರ್ಕುಗಳ ಕಸ, ಅಂದಂದಿನ ಕೂಲಿ ಅಂದೇ,
ಕೇಳಿಸಿಕೊಳ್ಳಲು ಒಬ್ಬ ಮೇಸ್ತ್ರಿ, ಹೊಸ ಬೂಟು.
ಎರಡನೇ ಗುಂಪಿಗೆ ಒಂದು ಹಾಳೆ, ಎರಡೂ ಬದಿ ಫೋನ್ ನಂಬರು.
ಇವನು ಎರಡು.
"ಅವತ್ತೇ ಹಚ್ಚಿದೆ, ಮೇಲಿನಿಂದ ಕೆಳಕ್ಕೆ.
ಆರನೆಯದು ಪಿಜ್ಜಾ ಅಂಗಡಿ.
ಪಾಪ, ಅವನೊಬ್ಬನೇ ಏನು ಬೇಕು ಅಂತ ಕೇಳಿದ್ದು."

ಪ್ರಶ್ನೆ ಹದಿನಾಲ್ಕು: ಕೈಗೆ ಬಂದ ಸಂಬಳ?
"ಕೈಗೆ ಅಂದರೆ?"
ಫ್ರಿಜ್ಜಿನ ಅಯಸ್ಕಾಂತ ಸರಿಸಿ ಗೋದಾಮಿನ ಸಂಬಳದ ಚೀಟಿ ತಂದ.
ಅರ್ಧಕ್ಕರ್ಧ ಮುರಿದಿತ್ತು.
ಅವನು ಒಳಗಿದ್ದಾಗ ಮಗಳು ಮಾರ್ವೆಟ್‌ಳ ತಾಯಿ
ಸರ್ಕಾರದ ಸಹಾಯಧನಕ್ಕೆ ಕೈ ಒಡ್ಡಿದಳು. ಒಡ್ಡಿದ ಕೈಯಿಂದಲೇ ಒಂದು ರುಜು:
ತಂದೆ ಕೊಡತಕ್ಕ ಜೀವನಾಂಶ ಇನ್ನು ಸರ್ಕಾರಕ್ಕೆ ಸೇರತಕ್ಕದ್ದು.
ಆರು ವರ್ಷ ಬೀಗದೊಳಗೆ ಅವನು,
ಬಾಕಿ ಮಾತ್ರ ಹೊರಗೆ ಗಾಳಿ ಬಿಸಿಲಲ್ಲಿ
ಚೆನ್ನಾಗಿ ಬೆಳೆಯಿತು.

ಹಾಲಿನ ಋಣ ಅನ್ನುತ್ತಾರೆ, ಕುಡಿದವರ ತಲೆ ಮೇಲಿನದು, ತೀರದ್ದು.
ಇದು ಬೇರೆ ಹಾಲು.
ಕುಡಿದವಳಿಗೆ ಈಗ ಹನ್ನೊಂದು, ವಕ್ರ ಹಲ್ಲಿಗೆ ತಂತಿ ಕಟ್ಟಿಸಬೇಕು.
ಅಪ್ಪನ ದುಡ್ಡು ಆ ಬಾಯಿಯ ತನಕ ಹೋಗುವುದಿಲ್ಲ.
ಮ್ಯಾಡಿಸನ್ನಿನ ಯಾವುದೋ ಕಚೇರಿಯಲ್ಲಿ
ಏಳು ವರ್ಷದ ಹಿಂದಿನ ಹಾಲಿನ ಡಬ್ಬಿಗಳಿಗೆ ಜಮಾ.
"ಒಂಬತ್ತು ವಾರ ನೋಡಿದೆ. ಆಮೇಲೆ ಬಸ್ಸಿಗೇ ಸಾಲದಾಯಿತು, ಬಿಟ್ಟೆ."
ಬಿಟ್ಟ ಕಾರಣಕ್ಕೆ ಆರು ಸಂಕೇತಗಳಿವೆ ನನ್ನಲ್ಲಿ.
ಏಳು ಎಂದು ಗುರುತು ಹಾಕಿದೆ: ಇತರೆ.

ಪ್ರಶ್ನೆ ಹತ್ತೊಂಬತ್ತು. ಒಟ್ಟು ಎಷ್ಟು ದಿನ ದುಡಿದಿರಿ?
ಬೆರಳು ಮಡಚುತ್ತ ಹೋದ. ಗೋದಾಮು. ಕಾರು ತೊಳೆಯುವಲ್ಲಿ ಎರಡು ಶನಿವಾರ.
"ಕೆಳಗಿನ ಮನೆ ಜಡ್ವಿಗಾ ಅಜ್ಜಿಯ ಮೆಟ್ಟಿಲ ಹಿಮ ಎತ್ತಿದ್ದು
ಹನ್ನೊಂದು ಬೆಳಗ್ಗೆ. ಅದು ಬರುತ್ತಾ?"
ದುಡ್ಡು ಕೊಟ್ಟರೆ?
"ಬೀಟ್‌ರೂಟ್ ಸಾರು ಕೊಟ್ಟಳು. ಡಬ್ಬಿ ತೊಳೆದು ವಾಪಸು."
ಸೂಚನಾ ಪುಸ್ತಕ, ಪುಟ ಮೂವತ್ತೆರಡು:
ವೇತನವಿಲ್ಲದ್ದನ್ನು ಕೆಲಸವೆಂದು ಬರೆಯಬಾರದು.
ಕಿಟಕಿಯಾಚೆ ಸಲಿಕೆ ಗೋಡೆಗೊರಗಿತ್ತು,
ಬಿರುಕು ಬಿಟ್ಟ ಹಿಡಿಗೆ ನೀಲಿ ಟೇಪು.
ಹನ್ನೊಂದು ಸೇರಿಸಿದೆ.

ನಲವತ್ತು ಡಾಲರಿನ ಕಾರ್ಡು, ಪಡೆದದ್ದಕ್ಕೆ ರುಜು.
ಹೊರಟವಳನ್ನು ಮೆಟ್ಟಿಲ ತನಕ ಕಳಿಸಲು ಬಂದು ಕೇಳಿದ,
"ಒಂದನೇ ಗುಂಪಿನವರು ಚೆನ್ನಾಗಿದ್ದಾರಾ?"
ಒಂದೇ ಬಸ್ಸಿನಲ್ಲಿ ಬಂದು
ಬೇರೆ ನಿಲ್ದಾಣದಲ್ಲಿ ಇಳಿದವರನ್ನು ವಿಚಾರಿಸುವ ಧಾಟಿ.
ಹೇಳುವಂತಿಲ್ಲ, ಎಂದೆ. ಗೊತ್ತೂ ಇರಲಿಲ್ಲ.

ಗೊತ್ತಾದದ್ದು ಎರಡು ಬೇಸಿಗೆ ಕಳೆದ ಮೇಲೆ.
ದಪ್ಪ ವರದಿ, ಬೆನ್ನಿಗೆ ಎಪ್ಪತ್ತು ಪುಟ ಕೋಷ್ಟಕ.
ಮೊದಲ ಆರು ತಿಂಗಳು ಒಂದನೇ ಗುಂಪು ಮುಂದೆ,
ಆಮೇಲೆ ಎರಡು ಗೆರೆಗಳೂ ಒಂದರೊಳಗೊಂದು ಇಳಿದು
ಯಾವುದು ಯಾವುದೆಂದು ತಿಳಿಯದ ಹಾಗೆ.
ವ್ಯತ್ಯಾಸ ಗಣನೀಯವಲ್ಲ, ಎಂದು ಬರೆದಿತ್ತು,
ಅಂದರೆ ಎಣಿಸಿಯೂ ಎಣಿಕೆಗೆ ಬಾರದ್ದು.
ಬೂಟಿನ ಯೋಜನೆಗೆ ಮುಂದಿನ ವರ್ಷ ದುಡ್ಡು ಬರಲಿಲ್ಲ.

ಆ ಹನ್ನೊಂದು ದಿನ ಕೋಷ್ಟಕದಲ್ಲಿ ಎಲ್ಲೋ ಇದೆ.
ಎರಡನೇ ಗುಂಪನ್ನು ಕೂದಲೆಳೆಯಷ್ಟು ಮೇಲೆತ್ತಿ
ಇನ್ಯಾರದೋ ಕಾಲಿಗೆ ಬರಬೇಕಿದ್ದ ಬೂಟನ್ನು
ಕೂದಲೆಳೆಯಷ್ಟು ಆಚೆ ತಳ್ಳಿ.
ಯಾರಿಗೂ ಹೇಳಿಲ್ಲ.
ಹಿಮ ಬಿದ್ದ ಬೆಳಗ್ಗೆ ಬೀದಿಯ ಕೊನೆಯಲ್ಲಿ
ಸಲಿಕೆ ಸಿಮೆಂಟು ಕೆರೆಯುವ ಸದ್ದು ಬಂದರೆ
ಹಾಸಿಗೆಯಲ್ಲೇ ಎಣಿಸುತ್ತೇನೆ.
ಹನ್ನೆರಡಕ್ಕೆ ಹೋಗುವುದಿಲ್ಲ.