ಹೆಸರು ಒರೆಸುವ ಕೆಲಸ

ಆರಕ್ಕೆಲ್ಲ ಹೊರಡಬೇಕು.
ಹತ್ತು ದಾಟಿದರೆ ಈ ಬಂಡೆ
ರೊಟ್ಟಿ ಹೆಂಚು.

ಎರಡು ಬ್ರಷ್ಷು, ಬಕೆಟ್ಟು, ನಾಲ್ಕು ಕ್ಯಾನು ನೀರು.
ಯೂಟಾದ ಈ ಕೆಂಪು ಕೊರಕಲಲ್ಲಿ
ನೀರು ಹೊತ್ತವರೆಲ್ಲ ಬಾಯಾರಿದವರಲ್ಲ;
ನಾನೂ ಆರ್ಲೀನಳೂ ಪಾರ್ಕಿನ ಸಂಬಳಕ್ಕೆ
ಹೆಸರು ಒರೆಸುತ್ತೇವೆ.

ಭಾನುವಾರ ಯಾರೋ ಕೋಡಿ, ಯಾರೋ ಬ್ರಿನ್,
ನಡುವೆ ಒಂದು ಸೊಟ್ಟ ಹೃದಯ,
ಕಾರಿನ ಕೀಲಿಯಲ್ಲಿ ಗೀರಿದ್ದು.
ಮರಳುಗಲ್ಲು ಪಾಪದ್ದು, ಉಗುರಿಗೂ ಸೋಲುತ್ತದೆ.
ಚಿಮುಕಿಸಿ, ಉಜ್ಜಿ, ಕೆಮ್ಮಣ್ಣು ಕಲಸಿ ಮೆತ್ತಿ
ಒಂಬತ್ತರ ಹೊತ್ತಿಗೆ ಬ್ರಿನ್ ಹೋದಳು.
ಕೋಡಿ ಸ್ವಲ್ಪ ಆಳ.
ನಾಳೆಗೆ.

ಎರಡು ಮಾರು ಆಚೆ, ಸರಪಳಿಯ ಹಿಂದೆ,
ನನ್ನ ಮುತ್ತಜ್ಜ:
‘ಅಮಾಸಾ ಲಿಂಡ್, ೧೮೮೬.’
ಗಾಡಿಯ ಕೀಲೆಣ್ಣೆಯಲ್ಲಿ ಬರೆದು
ಸಾಲದೆಂದು ಉಳಿ ಹಿಡಿದನಂತೆ.
ಅವನಿಗೆ ದಂಡವಿಲ್ಲ, ಫಲಕವಿದೆ.
ನೂರು ವರ್ಷ ತಾಳಿಕೊಂಡರೆ
ಗೀಚಿದ್ದೂ ಶಾಸನ.

ಕೊರಕಲ ಬಾಯಲ್ಲಿ ಏಪ್ರಿಕಾಟ್ ನೆಟ್ಟವನು,
ಏಳು ಸಲ ನೆರೆ ಕೊಚ್ಚಿದ ಕಾಲುವೆಯನ್ನು
ಎಂಟನೆಯ ಸಲ ತೋಡಿದವನು,
ಒಂದೇ ಚಳಿಗಾಲ ಮೂರು ಮಕ್ಕಳನ್ನು
ಗಂಟಲ ಬೇನೆಗೆ ಕೊಟ್ಟವನು...
ಅಜ್ಜಿ ಥರ್ಜಾ ಈ ಲೆಕ್ಕವನ್ನು
ಊಟದ ಮೊದಲು ಪ್ರಾರ್ಥನೆಯಂತೆ ಒಪ್ಪಿಸುತ್ತಿದ್ದಳು.

ಒಂದನ್ನು ಬಿಟ್ಟು.

ಲಿಂಡನ ಎಲ್ ಅಕ್ಷರದ ಉದ್ದ ಕಾಲು
ಒಂದು ಟಗರಿನ ಹೊಟ್ಟೆಯೊಳಗೆ ಇಳಿದಿದೆ.
ಅವನಿಗಿಂತ ಎಷ್ಟೋ ನೂರು ವರ್ಷ ಮೊದಲು
ಯಾರೋ ಕಲ್ಲಿಗೆ ಕಲ್ಲು ಕುಟ್ಟಿ
ಚುಕ್ಕೆ ಚುಕ್ಕೆಯಾಗಿ ಹುಟ್ಟಿಸಿದ ಟಗರು.
ಕೊಂಬು ಹಿಂದಕ್ಕೆ ಬಾಗಿದೆ, ಕಾಲು ಇನ್ನೂ ಓಟದಲ್ಲಿದೆ.
ಮಾಡಿದವರು ಹೆಸರು ಹಾಕಿಲ್ಲ.

ಆರ್ಲೀನ್ ಪಾಯೂಟ್ ಜನದವಳು.
ಅವಳ ಮನೆಯಲ್ಲೂ ಒಂದು ಲೆಕ್ಕವಿದೆ:
ಇದೇ ತೋಟ, ದಿನವಿಡೀ ಹಣ್ಣು ಕಿತ್ತ ಮುತ್ತಜ್ಜಿ,
ಕೂಲಿಗೆ ಒಡೆದ ಹಣ್ಣು, ಅರ್ಧ ಬುಟ್ಟಿ.

‘ಇವನನ್ನೂ ಒರೆಸಿಬಿಡಲೇ?’
ಒಮ್ಮೆ ಕೇಳಿದ್ದೆ. ತಮಾಷೆಗೇನಲ್ಲ.
ಅವಳು ಕ್ಯಾನೆತ್ತಿ ಕುಡಿದು, ಗಲ್ಲ ಒರೆಸಿಕೊಂಡು,
‘ಒರೆಸಿದರೆ ಟಗರಿನ ಹೊಟ್ಟೆ ಕೂಡುತ್ತದಾ?
ಇರಲಿ ಬಿಡು.
ಇರಿದವರು ಯಾರೆಂದಾದರೂ ತಿಳಿದಿರಲಿ.’

ಮೇಲೆ ಕಲ್ಲಿನ ಕಮಾನು.
ಕೆಳಗೆ ಸರದಿಯಲ್ಲಿ ಜನ, ಕೈಯೆತ್ತಿ,
ಅದನ್ನು ತಾವೇ ಹೊತ್ತಂತೆ ಫೋಟೋ.
ಅದು ಉದುರಿಸುವ ನಾಲ್ಕು ಕಾಳು ಮರಳನ್ನು
ತಲೆಗೂದಲಲ್ಲಿ ಊರಿಗೆ ಒಯ್ಯುತ್ತಾರೆ,
ಗೊತ್ತಿಲ್ಲದೆ.

ಇವತ್ತು ಬಕೆಟ್ಟಿನ ತಳದಲ್ಲಿ ಒಂದು ಲೋಟ ಮಿಕ್ಕಿತ್ತು.
ಬ್ರಷ್ಷು ಅದ್ದಿ ಬಿಸಿ ಬಂಡೆಯ ಮೇಲೆ
ನನ್ನ ಹೆಸರು ಬರೆದೆ: ರುಲಾನ್.
ಬಾಲ ಎಳೆಯುವಷ್ಟರಲ್ಲಿ ತಲೆ ಆರಿತ್ತು.

‘ದಂಡ,’ ಎಂದು ಆರ್ಲೀನ್ ಕೈ ಚಾಚಿದಳು.
ಜೇಬು ತಡಕಿ
ಒಂದು ಏಪ್ರಿಕಾಟ್ ಕೊಟ್ಟೆ.
ಒಡೆಯದ್ದು.