ಒಂಬತ್ತನೇ ಮನೆ

ಕೋಡಿಬಾಗದ ಐಸ್ ಕಾರ್ಖಾನೆಯ ಮಾಳಿಗೆಯಲ್ಲಿ
ಮೇ ತಿಂಗಳಿಡೀ ನಮ್ಮ ಜಾಝ್, ರಜೆಗೆ ಬಂದ ಐವರು.
ಕೆಳಗೆ ಕಂಪ್ರೆಸರಿನ ಗುಂಯ್, ಮೇಲೆ ತಗಡಿನ ಕಾವು,
ಟ್ರಂಪೆಟ್ಟು ತುಟಿ ಸುಡುತ್ತಿತ್ತು.

ಇನಾಸ್ ಮೇಸ್ತ್ರಿ ಕಾಗದದಲ್ಲಿ ಗೀಚಿದ್ದು ಹನ್ನೆರಡು ಚೌಕ.
ಮನೆ ಅನ್ನುತ್ತಿದ್ದರು ಅವಕ್ಕೆ.
"ಬರೆದದ್ದು ಮುಗೀತು. ಇನ್ನು ನಿಂದು, ಹೊರಡು."
ಹೊರಟೆ. ಐದರಲ್ಲಿ ಎಡವಿ
ಏಳರಲ್ಲಿ ಎಲ್ಲಿದ್ದೇನೆಂದೇ ತಿಳಿಯಲಿಲ್ಲ.
ರಾತ್ರಿ ಕೂತು ಒಂದು ಸೋಲೋ ಬರೆದು
ಬಾಯಿಪಾಠ ಮಾಡಿ ಒಪ್ಪಿಸಿದೆ.
"ಚಲೋ ಅದೆ," ಅಂದರು, "ನಿನ್ನೆಯ ಪಾವು.
ಇವತ್ತಿಂದು ಎಲ್ಲಿ?"

ಬೆಳಿಗ್ಗೆ ಅಪ್ಪನ ಸೈಕಲ್ಲು, ಬುಟ್ಟಿ,
ನೀಲಿ ಪ್ಲಾಸ್ಟಿಕ್ಕಿನಡಿ ಬಿಸಿ ಪಾವು.
ರಬ್ಬರ್ ಹಾರ್ನು, ಅದಕ್ಕಿರುವುದು ಒಂದೇ ಸ್ವರ.
ಆದರೂ ಪಾವ್ಲಿನ್ ಬಾಯಿಯ ಬಾಗಿಲಿಗೆ ಎರಡು ಗಿಡ್ಡ,
ತಾಂಡೇಲರ ಗೇಟಿಗೆ ಒಂದು ಉದ್ದ,
ಬಾಣಂತಿ ಇರುವಲ್ಲಿ ಬರೀ ಅರ್ಧ ಉಸಿರು.
ಇದನ್ನು ಕಲಿಸಿದ್ದು ಯಾರು?
ಗಲ್ಲಿ ತಿರುಗುವವರೆಗೆ ಮನೆ ಎಣಿಸಿದೆ: ಹನ್ನೆರಡು.
ನಂಬದೆ ಹಿಂದೆ ಹೋಗಿ ಮತ್ತೆ ಎಣಿಸಿದೆ.

ಸಂಜೆ ಕಣ್ಣು ಮುಚ್ಚಿ ಪೆಡಲ್ ತುಳಿದೆ.
ಎರಡು ಗಿಡ್ಡ. ಒಂದು ಉದ್ದ. ಅರ್ಧ ಉಸಿರು.
ಒಂಬತ್ತರಲ್ಲಿ ಊದಲೇ ಇಲ್ಲ.
ಕಂಪ್ರೆಸರಷ್ಟೇ ಕೇಳಿಸಿತು,
ಸಾನಿಕಾ ಹರಿಕಂತ್ರಳ ಕೋಲು ಗಾಳಿಯಲ್ಲೇ ನಿಂತಿತ್ತು.
ಹತ್ತಕ್ಕೆ ಸರಿಯಾಗಿ ಹೋಗಿ ಇಳಿದೆ.

"ಒಂಬತ್ತರಲ್ಲಿ ಯಾಕೆ ಸುಮ್ಮನಾದೆ ಮಾರಾಯಾ?"
"ಅಲ್ಲಿ ನಾಯಿ ಮಲಗಿರ್ತದೆ ಮೇಸ್ತ್ರಿ.
ಹಾರ್ನು ಹೊಡೆದ್ರೆ ಅಟ್ಟಿಸ್ಕೊಂಡು ಬರ್ತದೆ."

ಮೇಸ್ತ್ರಿ ನಗಲಿಲ್ಲ. ಚಿಟಿಕೆ ಹೊಡೆದು
ಮೊದಲಿಂದ ಎಣಿಸಿದರು.
ಈ ಸಲ ನಾನು ಒಂಬತ್ತನೇ ಮನೆ ಮುಟ್ಟುವಷ್ಟರಲ್ಲಿ
ಸಾನಿಕಾ ಡ್ರಮ್ಮಿನ ಮೇಲೆ
ನಾಯಿಯನ್ನು ಎಬ್ಬಿಸಿಟ್ಟಿದ್ದಳು.