ಅಳತಿ ಪುಸ್ತಕದ ಹಿಂದಿನ ಹಾಳಿ

ನಿನ್ನ ವರ್ಗದ ಆರ್ಡರ್ ಬಂದದ್ದು ಗುರುವಾರ ಸಂಜಿಗಿ.
ಸೋಮವಾರ ಔರಾದ ಡಿಪೋದಾಗ ಹಾಜರಿ.
"ಹಂಗಾದ್ರ ಶನಿವಾರ" ಅಂದಿ ನೀ,
ಚಿಲ್ಲರ ಎಣಿಸಿ ಕೈಯಾಗ ಇಟ್ಟಷ್ಟು ಸಸಾರ.
ಹಲ್ಲಾಗ ಹಿಡದ ದಾರ ಕಡೀಲಾರದೆ
ಹಂಗೇ ಕುಂತೆ ನಾ,
ಸೂಜಿ ಗದ್ದದ ಕೆಳಗ ಜೋತಾಡ್ಲತ್ತಿತ್ತು.

ನಡುವ ಇರೋದು ಒಂದೇ ಶುಕ್ರವಾರ.
ಒಂದು ಶುಕ್ರವಾರದಾಗ
ಎರಡು ಕುಪ್ಪಸ ಹೊಲೀಬಹುದು, ನಾಕು ಸೀರಿಗಿ ಫಾಲ್ ಹಚ್ಚಬಹುದು,
ಲಗ್ನ ಹ್ಯಾಂಗ ಹೊಲೀಲಿ, ದೇವಿಂದ್ರಪ್ಪ?

ರಜಿಯಾ ಅಂಗಡಿ ಶಟರ್ ಅರ್ಧ ಎಳದು
"ಬರಕೋ" ಅಂದಳು.
ಅಳತಿ ಪುಸ್ತಕ ತಿರುವಿ ಹಾಕಿ ಬರೀಲತ್ತೀನಿ.
ಮುಂದಿನ ಹಾಳಿಯಾಗ ಶಹಾಪುರದ ಅರ್ಧ ಊರಿನ ಎದಿ ಸುತ್ತಳತಿ,
ಹಿಂದ ನನ್ನದು.

ಜಾಗ.
ಗುಡಿ ಬ್ಯಾಡ, ಪೂಜಾರಿ ನಮ್ಮಣ್ಣನ ಜೋಡಿ ಇಸ್ಪೀಟು ಆಡ್ತಾನ.
ರಿಜಿಸ್ಟ್ರಾರ್ ಆಫೀಸು, ನಾಕನೇ ಶನಿವಾರ, ಬೀಗ.
ಉಳದದ್ದು ಬಯಲು.
ಬುದ್ಧ ಮಲಗಿದ ಗುಡ್ಡದ ಎದುರಿಗಿ, ಹುಣಸಿ ಗಿಡದ ಬುಡಕ.
ಅಲ್ಲಿಂದ ಮೂಗು, ಗದ್ದ, ಹೊಟ್ಟಿ ಎಲ್ಲಾ ಸಾಫ್ ಕಾಣ್ತಾವ.
ಮುಂಜಾನಿ ಆರಕ್ಕ. ಎಂಟಾದ್ರ ಕಲ್ಲು ಕಾಯ್ತದ.
ಗುಡ್ಡ ಏರೋ ಮಾತು ತೆಗೀಬ್ಯಾಡ,
ನನ್ನ ಮೊಣಕಾಲಿಗಿ ನಲವತ್ತೊಂಬತ್ತು.

ಇದಕ್ಕ ಓಡಿ ಹೋಗೋದು ಅಂತಾರಂತ.
ನಮಗೆಲ್ಲಿ ಓಡ್ಲಾಕ ಆಗ್ತದ?
ನಡಕೋತ ಹೋಗಮು.

ಹಾರ ಎರಡು. ಇಲ್ಲಿ ಹೂವಿನವರೆಲ್ಲ ನನ್ನ ಗಿರಾಕಿಗಳು,
ನೀ ಯಾದಗಿರಿ ಸ್ಟ್ಯಾಂಡಿನಾಗ ತಗೋ.
ಯಾರಾರ ಕೇಳಿದ್ರ ಬಸ್ಸಿಗಿ ಅನ್ನು.
ಬಸ್ಸಿನ ಅಳತಿ ಮಾತ್ರ ತರಬ್ಯಾಡ.

ತಾಳಿ. ಅಕ್ಕಸಾಲಿ ಮೋನಪ್ಪನ ಗಂಟಲದಾಗ ಗುಟ್ಟು ನಿಲ್ಲಂಗಿಲ್ಲ.
ಅರಿಶಿಣ ಕೊಂಬು ಸಾಕು.
ದಾರದ ಚಿಂತಿ ಬ್ಯಾಡ,
ನನ್ನ ಬಲ್ಲಿ ನಲವತ್ತು ಬಣ್ಣದ್ದು ಅದ.

ಸಾಕ್ಷಿ: ರಜಿಯಾ, ನಿಮ್ಮ ಡ್ರೈವರ್ ಸಾಬಣ್ಣ.
ಖುಷಿಗಿ ಹಾರ್ನ್ ಹೊಡೀತಾನ ಅವ, ಮೊದಲೇ ಹೇಳಿಡು.
ಫೋಟೋ: ರಜಿಯಾಳ ಫೋನು. ಗ್ಲಾಸ್ ಒಡದದ.
ಊಟ: ರೊಟ್ಟಿ, ಶೇಂಗಾ ಹಿಂಡಿ. ಮಾದ್ಲಿ ಅವರ ಅಮ್ಮಿ ಕಲತು ಮಾಡ್ಲತ್ತಾಳ,
ಬೆಲ್ಲ ಎಷ್ಟು ಅಂತ ಮೂರು ಸಲ ಕೇಳಿದಳು,
ಯಾರ ಲಗ್ನ ಅಂತ ಒಂದು ಸಲ ಕೇಳಲಿಲ್ಲ.

ಏಳೂ ನಲವತ್ತಕ್ಕ ಕಲಬುರ್ಗಿ ಬಸ್ಸು.
ನನ್ನದು ಸೊನ್ನಿ ಟಿಕೇಟು, ನಿನಗ ಪಾಸ್ ಅದ.
ಓಡಿ ಹೋಗೋ ಖರ್ಚು ಇಷ್ಟೇ ನೋಡು.

ಮಗಳಿಗಿ ಹೇಳೋದು
ಅಂತ ಬರದು, ಮುಂದ ಏನೂ ಬರೀಲಿಲ್ಲ.
ಮಶೀನಿನ ಗಾಲಿ ಸುಮ್ಮನ ತಿರುವಿದೆ, ಬಟ್ಟಿ ಇಲ್ಲದೆ.

ರಾತ್ರಿ ಹನ್ನೊಂದಕ್ಕ ಸೇಡಮ್ಮಿನಿಂದ ಆಕಿದೇ ಫೋನು.
"ಯವ್ವ, ಯಾವ ಸೀರಿ ಉಡ್ತಿ?"
ರಜಿಯಾನ ಕಡಿ ನೋಡಿದೆ. ಆಕಿ ಗುಂಡಿ ಎಣಿಸ್ಲತ್ತಿದ್ದಳು.
"ಯುಗಾದಿಗಿ ಬಂದಾಗ ನಿನ್ನ ಪುಸ್ತಕದಾಗ ನೋಡಿದ್ದೆ.
ನೂರಾ ಹದಿನಾರು ಟಿಕೇಟು.
ಸೊನ್ನಿ ರೂಪಾಯಿ ಟಿಕೇಟು
ಯಾರು ಕೂಡಿ ಇಡ್ತಾರ ಯವ್ವ?"
ನಾ ಮಾತಾಡಲಿಲ್ಲ.
"ಹಸರದು ಉಡು" ಅಂದು ಇಟ್ಟುಬಿಟ್ಟಳು.
ಸಿಟ್ಟೋ, ಅಳುವೋ, ನೆಟ್‌ವರ್ಕೋ, ತಿಳೀಲಿಲ್ಲ.

ನಿನಗ ಹೇಳಿದ್ದೆ, ಒಂದು ಅಂಜಿಕಿ ಅದ ಅಂತ:
ಆ ಗುಡ್ಡದ ಮ್ಯಾಲ ಮಲಗಿದವ
ಒಂದು ರಾತ್ರಿ ಯಾರಿಗೂ ಹೇಳದೆ ಮನಿ ಬಿಟ್ಟು ಹೋದವ.
ನಾವು ಹೊಂಟದ್ದು ಮನಿ ಮಾಡ್ಲಾಕ.
ಅವನ ಎದುರಿಗೇ ಹ್ಯಾಂಗ ನಿಲ್ಲೋದು?
ನೀ ಅಂದಿ, "ಮಲಗ್ಯಾನ ಬಿಡು, ಸಪ್ಪಳ ಮಾಡದಂಗ ಕಟ್ತೀನಿ."

ಇನ್ನ ಏನು ಉಳೀತು?
ಬೆಂಕಿಪೆಟ್ಟಿಗಿ. ನೀರಿನ ಕ್ಯಾನು.
ಅಂಗಡಿ ಕೀಲಿ ರಜಿಯಾಗ.
ಗೌಡರ ಸೊಸಿ ಕುಪ್ಪಸಕ್ಕ ಎಡಗಡಿ ತೋಳು ಇನ್ನಾ ಕೂಡಿಸಿಲ್ಲ.
ಬಂದು ಕೇಳಿದ್ರ ಮಂಗಳವಾರ ಅಂತ ಹೇಳು.
ಯಾವ ಮಂಗಳವಾರ ಅಂತ ಹೇಳಬ್ಯಾಡ.